ಕಾರಿಗೆ ಗುದ್ದಿದವನ ವಿಚಾರ

ಗಾಳಿಬೀಡು,
ಸೋಮವಾರ, ೩-೧೧-೧೯೫೮

ಪ್ರೀತಿಯ ಮಗ ಬೆಳ್ಯಪ್ಪನಿಗೆ ಅವ್ವನ ಆಶೀರ್ವಾದಗಳು.

ನೀನು ಹೇಗಿದ್ದೀಯ? ಅಂಬಾಲೆಯಲ್ಲಿ ಚಳಿ ಹಿಡಿದಿರಬೇಕು. ಹೋದ ವರ್ಷ ನೀಲಾವತಿ ಹೆಣೆದು ಕಳಿಸಿದ ಉಣ್ಣೆ ಬನಿಯನ್ನು ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಬೇಡ, ಹಾಕಿಕೋ. ಸೊಸೆ ಸುಲೋಚನಳ ಕೆಮ್ಮು ನಿಂತಿತೇ? ಇಲ್ಲಿ ನಾನೂ ನಿನ್ನ ತಂಗಿ ನೀಲಾವತಿಯೂ ಸೌಖ್ಯ. ಅವಳು ದಿನಾ ಬಸ್ಸಿನಲ್ಲಿ ಮಡಿಕೇರಿಗೆ ಹೋಗಿ ಊರ ಮಕ್ಕಳಿಗೆಲ್ಲ ಪಾಠ ಹೇಳಿ, ಸಂಜೆ ಬಂದು ನನಗೂ ಪಾಠ ಹೇಳುತ್ತಾಳೆ. ನನ್ನ ಮಂಡಿ ನೋವು ಇದ್ದ ಹಾಗೆಯೇ ಇದೆ. ನೀನು ಕೇಳದಿದ್ದರೂ ಬರೆಯುತ್ತಿದ್ದೇನೆ. ಮೂರು ಪುಟದ ಕಾಗದ ಬರೆದಿದ್ದೀಯ, ಮೂರರಲ್ಲೂ ಕಾರಿನ ಆರೋಗ್ಯವೇ. ಕೊನೆಯಲ್ಲಿ ಅರ್ಧ ಸಾಲು ನನ್ನದು. ಸಿಟ್ಟಿಲ್ಲ ಮಗಾ. ಸೀಮೆ ಬಿಟ್ಟು ಹೊರಟ ಎಸ್ಟೇಟಿನ ಬಿಳಿ ದೊರೆಯಿಂದ ಆ ಆಸ್ಟಿನ್ ಕೊಂಡು, ನೀನೇ ಮಡಿಕೇರಿಯಿಂದ ಓಡಿಸಿಕೊಂಡು ಬಂದ ದಿನ ನಿನ್ನ ಮುಖ ಹೇಗಿತ್ತು ಎಂದು ನಾನು ಕಂಡಿದ್ದೇನೆ.

ಹೋದ ಕಾಗದದಲ್ಲಿ ನಾನು ಬರೆದದ್ದು ಇಷ್ಟೇ: ಯಾವನೋ ಸೈಕಲ್ಲಿನವನು ಬಂದು ಕಾರಿಗೆ ಗುದ್ದಿದ, ಎಡಗಡೆಯ ದೀಪ ಒಡೆಯಿತು, ಮಡ್‌ಗಾರ್ಡು ಒಳಗೆ ಹೋಯಿತು. ಅದಕ್ಕೆ ನೀನು, ಅವನು ಯಾರೇ ಆಗಿರಲಿ ಬಿಡಬೇಡ, ಗ್ಯಾರೇಜಿನವನಿಂದ ಚೀಟಿ ಬರೆಸಿ ಪೂರ್ತಿ ಪರಿಹಾರ ವಸೂಲು ಮಾಡು, ಕೊಡದಿದ್ದರೆ ಪೊಲೀಸಿಗೆ ಕೊಡು ಎಂದು ಬರೆದೆ. ಊರ ಹಿರಿಯ ಸೋಮಯ್ಯನಿಗೆ ಕಾಗದ ಓದಿ ಹೇಳಿದೆ. ಈಗ ಕೊಡಗು ಮೈಸೂರಿಗೆ ಸೇರಿ ಆಯಿತಲ್ಲ, ಒಂದು ದೀಪದ ಗಾಜಿನ ಫಿರ್ಯಾದು ಬೆಂಗಳೂರಿನವರೆಗೂ ಹೋಗಿ ಬರುವ ಹೊತ್ತಿಗೆ ಕಾರಿಗೇ ತುಕ್ಕು ಹಿಡಿದಿರುತ್ತದೆ ಎಂದು ಅವನ ಅಭಿಪ್ರಾಯ. ಅದಿರಲಿ. ಯಾವನೋ ಎಂದು ಬರೆದದ್ದು ನನ್ನ ಪುಕ್ಕಲುತನ. ಗುದ್ದಿದವನು ನಿನ್ನ ತಮ್ಮ ಕೂಸಪ್ಪ.

ಕಾಗದ ಮಡಿಸಿ ಬಿಸಾಡಬೇಡ. ಪೂರ್ತಿ ಓದು. ಆರು ವರ್ಷದ ಹಿಂದೆ ಇದೇ ಜಗಲಿಯಲ್ಲಿ ನಿಂತು "ನಂಗೆ ತಮ್ಮನೇ ಇಲ್ಲೆ" ಎಂದು ಹೇಳಿ ಹೋದವನು ನೀನು. ನೀನು ಪಲ್ಟನ್ನಿನ ಜೊತೆ ಕಾಶ್ಮೀರದಲ್ಲಿದ್ದಾಗ, ನಿನಗೆ ರಜೆ ಸಿಗುವವರೆಗೂ ಕಾಯದೆ ಅವನು ಯಮುನಳನ್ನು ಮದುವೆಯಾದ ಎಂದು ನಿನ್ನ ಸಿಟ್ಟು. ಅದು ನ್ಯಾಯವಾದ ಸಿಟ್ಟೇ. ಆದರೆ ಕಾಯುವುದು ಬೇಡ ಎಂದವಳು ನಾನು. ಯಮುನಳ ಅಪ್ಪ ಹಾಸಿಗೆ ಹಿಡಿದಿದ್ದರು, ಇನ್ನೊಂದು ಮುಹೂರ್ತದವರೆಗೆ ಇರುವ ಭರವಸೆ ಇರಲಿಲ್ಲ. ಅಣ್ಣ ಬರಲಿ ಎಂದು ಕೂಸಪ್ಪ ಅತ್ತಿದ್ದ. ಇದನ್ನು ನಾನು ಅಂದೇ ಹೇಳಬೇಕಿತ್ತು. ನೀನು ನನ್ನ ಮೇಲೂ ಮುನಿದರೆ ಎಂದು ಹೆದರಿ ಬಾಯಿ ಮುಚ್ಚಿಕೊಂಡೆ. ನೀನಿರುವ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಅವನು ಹೆಂಡತಿಯ ಊರಿಗೆ ಹೋದ. ನೀನು ಮನೆಯಲ್ಲಿ ಇರುವುದು ವರ್ಷಕ್ಕೆ ಒಂದು ತಿಂಗಳು. ಇಬ್ಬರ ಹಟದಲ್ಲಿ ಉಳಿದ ಹನ್ನೊಂದು ತಿಂಗಳೂ ನನಗೆ ಮಗನಿಲ್ಲದ ಹಾಗಾಯಿತು.

ಅವನು ಮೇಲಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವುದು ನಿನಗೆ ಗೊತ್ತು. ಸಂಜೆ ಸೈಕಲ್ಲಿನಲ್ಲಿ ಮನೆಗೆ ಹೋಗುವಾಗ ನಮ್ಮ ಮನೆ ಮೇಲಿನ ತಿರುವಿನಲ್ಲಿ ಇಳಿದು, ಒಂದು ಗಳಿಗೆ ಕೆಳಗೆ ನೋಡಿ, ಮತ್ತೆ ಹತ್ತಿ ಹೋಗುತ್ತಾನೆ. ನಾನು ಹಿತ್ತಿಲಲ್ಲಿ ಇಲ್ಲದ ಕೆಲಸ ಮಾಡುತ್ತಾ ಅದೇ ಹೊತ್ತಿಗೆ ನಿಂತಿರುತ್ತೇನೆ. ಅವನೂ ಕರೆಯುವುದಿಲ್ಲ, ನಾನೂ ಕರೆಯುವುದಿಲ್ಲ. ಹಟ ನಿಮಗೆ ಎಲ್ಲಿಂದ ಬಂತು ಎಂದು ಯಾರೂ ಕೇಳಬೇಕಾಗಿಲ್ಲ.

ಅವನು ಗುದ್ದಿದ ದಿನ, ನೀನು ಹೇಳಿದ್ದ ಹಾಗೆ ಕಾರನ್ನು ಶೆಡ್ಡಿನಿಂದ ಅಂಗಳಕ್ಕೆ ತಳ್ಳಿಸಿ ಬಿಸಿಲು ಕಾಣಿಸಿದ್ದೆ. ಹಿಂದಿನ ಸೀಟಿನಲ್ಲಿ ಮೊಟ್ಟೆ ಇಡುತ್ತಿದ್ದ ಕೋಳಿಯನ್ನು ಮೊದಲೇ ಓಡಿಸಿದ್ದೆ, ಹೆದರಬೇಡ. ಸಂಜೆ ಕಿತ್ತಳೆ ಮರಕ್ಕೆ ಮಂಗ ಬಂತು. ಒಂದೊಂದು ಹಣ್ಣು ಕಚ್ಚಿ ನನ್ನ ಮುಂದೆಯೇ ಬಿಸಾಡುತ್ತಿತ್ತು. ರೇಗಿ ಹೋಯಿತು. ನಿನ್ನಪ್ಪನ ಜೋಡುನಳಿಗೆ ಕೋವಿ ತಂದು ಹಾರಿಸಿದೆ. ಒಂದರ ಹಿಂದೆ ಒಂದು, ಎರಡೂ ಗುಂಡು.

ಎರಡು ಗುಂಡು ಹಾರಿದರೆ ನಮ್ಮಲ್ಲಿ ಏನು ಅರ್ಥ ಎಂದು ನಿನಗೆ ಹೇಳಬೇಕೆ? ಸಾವಿನ ಮನೆಯಿಂದ ಅದೊಂದೇ ಕರೆ. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಬರಬೇಕು. ಸೋಮಯ್ಯ ಗದ್ದೆಯಿಂದ ಕೆಸರುಕಾಲಲ್ಲೇ ಹೊರಟನಂತೆ. ಅದಕ್ಕೂ ಮೊದಲು ಕೂಸಪ್ಪ. ಆ ಇಳಿಜಾರಿನಲ್ಲಿ ಯಾರಾದರೂ ಸೈಕಲ್ ಬಿಡುತ್ತಾರೆಯೇ? ಬಿಟ್ಟ. ಅವ್ವಾ ಅವ್ವಾ ಎಂದು ಕಿರುಚುತ್ತಾ ಬಂದು, ಅಂಗಳದ ಬಾಯಲ್ಲಿ ಬ್ರೇಕು ಹಿಡಿಯದೆ ನೇರ ನಿನ್ನ ಆಸ್ಟಿನ್ನಿಗೆ. ಕಾರಿನ ಮೂತಿಯ ಮೇಲೆ ಬಿದ್ದವನು ತಲೆ ಎತ್ತಿದರೆ ಎದುರಿಗೆ ನಾನು ಕೋವಿ ಹಿಡಿದು ನಿಂತಿದ್ದೇನೆ. ಗಲ್ಲ ಒಡೆದು ರಕ್ತ ಸುರಿಯುತ್ತಿತ್ತು. "ನಿಂಗೆ ಎಂಥ ಆತವ್ವಾ?" ಎಂದು ಅವನು ನನ್ನನ್ನು ಕೇಳಿದ. ನಾನು ಕೋವಿ ಕೆಳಗಿಟ್ಟೆ. ಮೂವತ್ತು ವರ್ಷದ ಗಂಡಸು, ನನ್ನ ಹೆಗಲಿಗೆ ತಲೆ ಇಟ್ಟು ಚಿಕ್ಕ ಮಗುವಿನ ಹಾಗೆ ಅತ್ತ. ನಾನೂ ಅತ್ತೆ.

ಅಷ್ಟರಲ್ಲಿ ಸೋಮಯ್ಯ ರುಮಾಲು ತೆಗೆದು ಕೈಯಲ್ಲಿ ಹಿಡಿದು, ಮುಖ ಸಣ್ಣದು ಮಾಡಿಕೊಂಡು ಬಂದ. ನಾನು ಕಾಫಿ ಕೊಡಲು ಹೋದಾಗ "ಪೂವಮ್ಮಕ್ಕಾ, ಸತ್ತವು ಕಾಫಿ ಕೊಡ್ದು ನಾ ಕಂಡದಿಲ್ಲೆ" ಎಂದು ರೇಗಿದ. ಎರಡು ಲೋಟ ಕುಡಿದ ಮೇಲೆ ಅವನ ಕಣ್ಣು ಕಾರಿನ ಮೇಲೆ ಬಿತ್ತು. ಬೆಳ್ಯಪ್ಪನ ಕಾರ್ ಎಂದ, ಅಷ್ಟೇ. ಗಲ್ಲಕ್ಕೆ ಬಟ್ಟೆ ಕಟ್ಟಿಸಿಕೊಳ್ಳುತ್ತಿದ್ದ ಕೂಸಪ್ಪನ ಮುಖ ಸುಣ್ಣದ ಹಾಗಾಯಿತು.

ಗುಂಡು ಹಾರಿಸಿದವಳದ್ದೇ ತಪ್ಪು ಎಂದು ನಾನೂ ಹೇಳಿದೆ, ಸೋಮಯ್ಯನೂ ಹೇಳಿದ. ಕೂಸಪ್ಪ ಕೇಳಬೇಕಲ್ಲ. "ಅಣ್ಣ ಬರ್ಲಿ, ಅವ ಹೇಳ್ದಷ್ಟ್ ನಾ ಕೊಡೊಕು. ಅದುವರೆಗೆ ಸೈಕಲ್ ಇಲ್ಲೇ ಇರ್ಲಿ" ಎಂದು, ಸೈಕಲ್ಲನ್ನು ನೆಟ್ಟಗೆ ಮಾಡಿ ಒರೆಸಿ ನಿನ್ನ ಕಾರಿನ ಪಕ್ಕದಲ್ಲೇ ಶೆಡ್ಡಿನಲ್ಲಿ ನಿಲ್ಲಿಸಿ ನಡೆದು ಹೋದ. ಇವತ್ತಿಗೆ ಇಪ್ಪತ್ತೆರಡು ದಿನ. ಬೆಳಿಗ್ಗೆ ಆರೂವರೆಗೆ ಎಸ್ಟೇಟಿನ ಲೈನುಮನೆಗಳ ಆಳುಗಳ ಹಾಜರಿ ತೆಗೆಯಬೇಕಾದವನು ನಾಲ್ಕು ಮೈಲು ನಡೆದು ಹೋಗುತ್ತಾನೆ. ಎರಡು ಸಲ ತಡವಾಯಿತಂತೆ. ಮೂರನೆಯ ಸಲವಾದರೆ ಬೇರೆ ರೈಟರ್ ನೋಡಿಕೊಳ್ಳುತ್ತೇನೆ ಎಂದು ಮ್ಯಾನೇಜರ್ ಹೇಳಿಯಾಗಿದೆ. ಕಾಫಿ ಹಣ್ಣಿನ ಪಿಕ್ಕಿಂಗ್ ಶುರುವಾಗುತ್ತಿರುವಾಗ ಕೆಲಸ ಹೋದರೆ ಯಮುನಳನ್ನೂ ಮಗುವನ್ನೂ ಏನು ಮಾಡುವುದು? ತೆಗೆದುಕೊಂಡು ಹೋಗು ಎಂದು ನಾನು ದಿನಾ ಹೇಳುತ್ತೇನೆ. ಅಣ್ಣನ ಮಾತು ಬರಲಿ ಎನ್ನುತ್ತಾನೆ. ಆರು ವರ್ಷದ ನಂತರವೂ ಅವನಿಗೆ ಬೇಕಾದದ್ದು ನಿನ್ನ ಮಾತು.

ಹೌದು, ದಿನಾ ಎಂದು ಬರೆದೆ. ಈಗ ಸಂಜೆ ಕೆಳಗಿಳಿದು ಬರುತ್ತಾನೆ, ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾನೆ. ಭಾನುವಾರ ಮಗಳು ಚಿನ್ನಿಯನ್ನು ಕರೆತರುತ್ತಾನೆ. ನಾಲ್ಕು ವರ್ಷದ ಆ ಪೋರಿ ಕಾರಿನ ಸುತ್ತ ತಿರುಗಿ, ದೀಪ ಒಡೆದ ಜಾಗ ಸವರಿ, "ದೊಡ್ಡಪ್ಪಂಗೆ ನೋವಾತಾ?" ಎಂದು ಕೇಳಿದಳು. ಕಾರೇ ದೊಡ್ಡಪ್ಪ ಎಂದುಕೊಂಡಿದ್ದಾಳೆ. ನಿನ್ನನ್ನು ಕಂಡಿದ್ದರೆ ತಾನೆ?

ನಿನ್ನ ಪರಿಹಾರ ನಿನಗೆ ಸಿಗಲೇಬೇಕು, ಅದಕ್ಕೆ ನಾನು ಅಡ್ಡ ಬರುವುದಿಲ್ಲ. ಆದರೆ ಅದನ್ನು ಮನಿಯಾರ್ಡರಿನಲ್ಲಿ ಕಳಿಸಲಾಗದು. ಪುತ್ತರಿ ಹಬ್ಬಕ್ಕೆ ಇನ್ನು ಮೂರು ವಾರವಿದೆ, ರಜೆ ಕೇಳು. ಅದಕ್ಕೂ ಮೊದಲು ಈ ಕಾಗದ ಸಿಕ್ಕಿದ ದಿನವೇ, ಸೈಕಲ್ ತೆಗೆದುಕೊಂಡು ಹೋಗು ಎಂದು ಒಂದು ಕಾರ್ಡು ಬರೆ. ನನ್ನ ಹೆಸರಿಗಲ್ಲ, ಅವನ ಹೆಸರಿಗೆ.

ಸುಲೋಚನಳಿಗೂ ಮಕ್ಕಳಿಗೂ ನನ್ನ ಮುತ್ತುಗಳು. ಕಾವೇರಮ್ಮ ನಿಮ್ಮನ್ನು ತಂಪಾಗಿಟ್ಟಿರಲಿ.

ಇಂತು ನಿನ್ನ ಅವ್ವ,
ಪೂವಮ್ಮ

ವಿ.ಸೂ.: ನೀಲಾವತಿ ಬಸ್ಸಿಗೆ ಹೊರಟು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಇದನ್ನು ಸೋಮಯ್ಯನಿಗೂ ಹೇಳಿಲ್ಲ, ಕೂಸಪ್ಪನಿಗಂತೂ ಹೇಳಬೇಡ. ಮಂಗ ಮೊದಲನೆಯ ಗುಂಡಿಗೇ ಓಡಿಹೋಗಿತ್ತು. ಮೇಲಿನ ತಿರುವಿನಲ್ಲಿ ಕೂಸಪ್ಪ ನೋಡಿಯಾಗಿ, ಪೆಡಲಿನ ಮೇಲೆ ಕಾಲಿಟ್ಟು ಹೊರಟಿದ್ದ. ಅವನ ಬೆನ್ನು ಕಂಡಿತು. ಆಗ ಎರಡನೆಯದನ್ನು ಆಕಾಶಕ್ಕೆ ಹಾರಿಸಿದೆ. ಆದ್ದರಿಂದ ಪರಿಹಾರ ಕೊಡಬೇಕಾದವಳು ನಾನು, ನೀನೇ ಬಂದು ವಸೂಲು ಮಾಡು. ಪೆಟ್ಟಿಗೆಯಲ್ಲಿ ಇನ್ನೂ ಎರಡು ತೋಟೆ ಉಳಿದಿವೆ. ಅಂಬಾಲೆಯವರೆಗೆ ಅದರ ಸದ್ದು ಕೇಳಿಸುವುದಿಲ್ಲವಲ್ಲ, ಅದಕ್ಕೇ ಈ ಕಾಗದ.