ಕಮಾನಿನ ಹೊಟ್ಟೆಯಲ್ಲಿ ಸಿಮೆಂಟು

ಫೆಬ್ರವರಿ 9
ಫ್ಲಾಸ್ಕಿಗೆ ಚಹಾ ತುಂಬಿಕೊಂಡು ಎಂದಿನಂತೆ ಸೇತುವೆಗೆ. ಸಂದುಗಳಲ್ಲಿ ಬೆಳೆದ ಜರಿಗಿಡ ಕಿತ್ತೆ. ಮುನ್ನೂರು ವರ್ಷದ ಕಮಾನು, ಸಂರಕ್ಷಿತ — ಒಂದು ಕಲ್ಲು ಅಲುಗಿಸಲೂ ಅನುಮತಿ ಬೇಕು. ಕಮಾನಿನಿಂದ ಕಲ್ಲು ಉದುರಿದೆ ಅಂತ ಕಾರ್ಡಿಫ್‌ನಿಂದ ಸ್ಮಾರಕ ಇಲಾಖೆಯ ಆಫೀಸಿನವಳು ಬಂದಿದ್ದಳು. ಕಲ್ಲಿನ ಸಂದು ಕೆರೆದು ನೋಡಿದಳು.

"ಇದು ಸುಣ್ಣ ಅಲ್ಲ, ಸಿಮೆಂಟು. ನೀರು ಒಳಗೇ ನಿಂತು, ಹೆಪ್ಪುಗಟ್ಟಿ ಕಲ್ಲು ಸೀಳಿದೆ. ಯಾರು ಮಾಡಿದ್ದು?"

ನೆರೆದಿದ್ದ ಊರವರೆಲ್ಲ ಕುರಿ ಸಾಕುವ ಎಮ್ಲಿನ್ ಕಡೆ ತಿರುಗಿದರು. ಹೋದ ವರ್ಷ ಅವನ ಟ್ರೇಲರ್ ತಾಗಿ ಮೇಲಿನ ಕೈಗೋಡೆ ಬಿದ್ದಾಗ ಯಾರನ್ನೂ ಕೇಳದೆ ಸಿಮೆಂಟಿನಲ್ಲಿ ಕಟ್ಟಿದ್ದ. ನಾನು ಚಹಾ ಬಗ್ಗಿಸಿಕೊಂಡೆ.

ಫೆಬ್ರವರಿ 12
ಎಮ್ಲಿನ್ ಬಂದಿದ್ದ. ಕೂರಲಿಲ್ಲ.
"ಕೈಗೋಡೆ ನಾನೇ ಕಟ್ಟಿದ್ದು, ಒಪ್ಕೋತೀನಿ. ಕೆಳಗಿನ ಕಮಾನು ಮುಟ್ಟೇ ಇಲ್ಲ. ನಿಮಗೆ ಗೊತ್ತಲ್ಲ, ಇದ್ವಾಲ್?"
"ನಂಗೇನಪ್ಪ ಗೊತ್ತು" ಅಂದೆ.

ಫೆಬ್ರವರಿ 13
ಗೊತ್ತು. 1991ರ ನವೆಂಬರ್. ಕಮಾನಿನ ರಿಪೇರಿ ನನ್ನ ಕೈಯಲ್ಲಿತ್ತು. ಹಿಮ ಬೇಗ ಬಂತು. ಆ ಚಳಿಯಲ್ಲಿ ಸುಣ್ಣ ಹಿಡಿಯುವುದಿಲ್ಲ. ವಸಂತದವರೆಗೆ ಕಾಯಬೇಕಿತ್ತು, ಕಾಯಲಿಲ್ಲ. ನಾನೇ ಸಿಮೆಂಟು ತುಂಬಿದೆ, ಮೇಲೆ ಎರಡು ಬೆರಳು ದಪ್ಪ ಸುಣ್ಣ ಬಳಿದೆ. ಸುಣ್ಣದ ಕೆಲಸಕ್ಕೆ 'ಕಲ್ಲು ಇದ್ವಾಲ್' ಬಿಟ್ಟರಿಲ್ಲ — ಊರೆಲ್ಲ ಹೇಳುತ್ತದೆ. ಕೇಳಿ ಕೇಳಿ ನಾನೂ ನಂಬಿದ್ದೆ. ಥೂ.

ಮಾರ್ಚ್ 14
ಸೇತುವೆಗೆ ಬೇಲಿ ಹಾಕಿ ದಾರಿ ಮುಚ್ಚಿ ಎರಡು ವಾರ. ಎಮ್ಲಿನ್ ಮೇಲೆ ಕೇಸು. ಅವನ ಗುಡ್ಡ ಹೊಳೆಯಾಚೆ, ಸುತ್ತಿ ಹೋದರೆ ಹತ್ತೊಂಬತ್ತು ಮೈಲಿ. ಮರಿ ಹಾಕುವ ಕಾಲದಲ್ಲಿ ಆಗುವ ಮಾತಲ್ಲ. ಇವತ್ತು ಲಾರಿ ಬಂದು ಕುರಿಗಳನ್ನೆಲ್ಲ ಮಾರಾಟಕ್ಕೆ ಒಯ್ದಿತು. ಬೇಲಿಯಿಲ್ಲದ ಗುಡ್ಡದ ಎಲ್ಲೆ ಮರಿಗೆ ತಾಯಿಯೇ ಕಲಿಸಬೇಕು. ಹೊಸ ಕುರಿ ತಂದರೆ ಅಲ್ಲಿ ನಿಲ್ಲುವುದಿಲ್ಲ. ಅವನ ಅಜ್ಜನ ಕಾಲದ ಹಿಂಡು, ಮುಗಿಯಿತು.

ಅವನ ಹೆಂಡತಿ ನೆಸ್ಟಾ ಚಾಪೆಲ್ ಬಾಗಿಲಲ್ಲಿ ತಡೆದಳು. "ನೀವೊಂದು ಮಾತು ಆಡಿದ್ರೆ ಆಫೀಸಿನವ್ರು ಕೇಳ್ತಿದ್ರು. ಬಾಯಿಗೇನಾಗಿತ್ತು ನಿಮಗೆ?"

ಮಾರ್ಚ್ 17
ಆಫೀಸಿನಿಂದ ಪತ್ರ. ರಿಪೇರಿಗೆ ನನ್ನ ಕೈಯೇ ಬೇಕಂತೆ. ನಗು ಬರಲಿಲ್ಲ.

ಏಪ್ರಿಲ್ 22
ರಿಪೇರಿ ಶುರು. ಎಮ್ಲಿನ್ ಸುತ್ತಿಗೆ, ಉಳಿ ಹಿಡಿದು ಬಂದ. "ಮನೇಲಿ ಕೂತು ಏನ್ ಮಾಡ್ಲಿ? ಕುರಿ ಇಲ್ಲ. ಕೆಡಿಸಿದ್ದು ನಾನು ಅಂತಾರೆ, ಸರಿ ಮಾಡಿದ್ದೂ ನಾನೇ ಅನ್ನಲಿ." ಸಂಜೆವರೆಗೂ ಸಿಮೆಂಟು ಒಡೆದ. ಒಳ್ಳೆಯ ಕೈ.

ಮನೆಗೆ ಬಂದ ಮೇಲೆ ನೆನಪಾಯಿತು. ಕೆಲಸ ಮುಗಿದಾಗ ಹಸಿ ಗಾರೆಯಲ್ಲಿ ಕರಣೆಯ ತುದಿಯಿಂದ ಹೆಸರು, ವರ್ಷ ಬರೆಯುವುದು ನನ್ನ ಚಾಳಿ. 1991ರಲ್ಲಿ ಆ ಸಿಮೆಂಟಿನಲ್ಲೂ ಬರೆದೆ. ಬರೆದು, ಅದರ ಮೇಲೆ ಸುಣ್ಣ ಬಳಿದೆ. ಅವನ ಉಳಿಗೂ ಅದಕ್ಕೂ ನಾಲ್ಕು ಕಲ್ಲು ಅಂತರ. ಬೆಳಿಗ್ಗೆ ಅವನಿಗಿಂತ ಮುಂಚೆ ಹೋಗಿ ಕೆತ್ತಿ ಹಾಕಬೇಕು.

ಏಪ್ರಿಲ್ 23
ಆರಕ್ಕೇ ಹೋದೆ. ಎಮ್ಲಿನ್ ಆಗಲೇ ಅಲ್ಲಿದ್ದ. ಉಳಿ ಕೆಳಗಿಟ್ಟಿದ್ದ.
"ಕಣ್ಣಿಗೆ ಧೂಳು ಬಿದ್ದಿದೆ, ಇದ್ವಾಲ್. ಏನೋ ಬರೆದಿದೆ ಇಲ್ಲಿ. ನೀವೇ ಓದಿ."
ವರ್ಷ ಓದಿದೆ.
"ಆಗ ನಾನು ಮೂರನೇ ಕ್ಲಾಸು" ಅಂದ. "ಹೆಸರೂ ಓದಿ. ಜೋರಾಗಿ."
ಜೋರಾಗಿಯೇ ಓದಿದೆ: "ಇದ್ವಾಲ್."