ಕೆಂಪು ಗೆರೆ ಎಳೆದವರಿಗೆ

ಶಕೆ ೨೧೫೩, ಪ್ರಜೋತ್ಪತ್ತಿ ಸಂವತ್ಸರ, ಮಾಘ ಶುದ್ಧ ಪಂಚಮಿ
ಹೊಸ ಗಂಜಿಹಾಳ, ಕೃಷ್ಣೆಯ ದಂಡೆ

ಇನ್ನೂರು ವರುಷ ಹಿಂದೆ ಇರುವವರೇ, ಶರಣು. ನಾನು ನಿಂಬೆವ್ವ, ಐವತ್ತರ ಹೆಂಗಸು, ಊರ ಶಾಲೆಯಲ್ಲಿ ಏಳರತನಕ ಕಲಿತವಳು. ನನ್ನ ಮಾತು ವಿಚಿತ್ರ ಕಂಡರೆ ಸಿಟ್ಟಾಗಬೇಡಿ. ನಿಮ್ಮ ಮಾತು ಪೂರಾ ನಮ್ಮತನಕ ದಾಟಿ ಬಂದಿಲ್ಲ, ನಮ್ಮದು ನಿಮ್ಮಲ್ಲಿ ಇನ್ನೂ ಹುಟ್ಟಿಲ್ಲ.

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನೀವು ಮಾಡಿದ ಬೆನ್ಬಂಡಿ ಮಾತ್ರ ಹಳೆಯ ಬಾವಿಯ ಹೂಳಿನಲ್ಲಿ ಸಿಕ್ಕಿತು. ಸೈಕಲ್ಲಿನ ಹಿಂದೆ ಕೊಂಡಿ ಹಾಕಿ ಎಳೆಯುವ ಎರಡು ಗಾಲಿಯ ಗಾಡಿಗೆ ನಾವು ಹಾಗೆನ್ನುತ್ತೇವೆ; ನೀವು ಟ್ರೇಲರ್ ಅಂದಿರಬೇಕು. ನಿಮ್ಮ ಉರಿಗಾಡಿಗಳು, ಅಂದರೆ ಎಣ್ಣೆ ಕುಡಿದು ಓಡುತ್ತಿದ್ದವು, ಈಗಿಲ್ಲ. ಎಷ್ಟೇ ದೂರವಿರಲಿ, ಸೈಕಲ್ಲೇ. ಕೋಳಿ ಕೂಗಿದಾಗ ಹೊರಡುತ್ತೇವೆ. ಬಿಸಿಲೇರಿ ಶಂಖ ಊದಿದರೆ ಹಾದಿಯಲ್ಲಿ ಯಾರೂ ಇರುವಂತಿಲ್ಲ. ನೆರಳುಮನೆ ಹೊಕ್ಕು, ರೊಟ್ಟಿ ತಿಂದು, ಇಳಿಹೊತ್ತಿನತನಕ ಬಿದ್ದುಕೊಳ್ಳುತ್ತೇವೆ. ಟೈರಿನೊಳಗೆ ಗಾಳಿಯಿಲ್ಲ, ಕತ್ತಾಳೆ ನಾರು ತುಂಬಿರುತ್ತೇವೆ. ಕುಂಡಿ ನೋಯುತ್ತದೆ, ಆದರೆ ಪಂಕ್ಚರ್ ಇಲ್ಲ.

ಮೂರು ವರುಷದ ಹಿಂದೆ ನನ್ನ ಮಗಳು ಶಾವಂತ್ರಿ ಮೂರು ದಿನ ಹೆರಿಗೆಯಲ್ಲಿ ಒದ್ದಾಡಿದಳು. ಅವಳನ್ನು ಉಳಿಸಿಕೊಟ್ಟರೆ ಎರಡು ಕೊಡ ಕೃಷ್ಣೆಯ ನೀರನ್ನು ನೆಲಕ್ಕಿಡದೆ, ನಾನೇ ತುಳಿದು ತಂದು ಮೀಸುತ್ತೇನೆಂದು ಶ್ರೀಶೈಲದ ಮಲ್ಲಯ್ಯನಿಗೆ ಹರಕೆ ಹೊತ್ತೆ. ಅವಳು ಉಳಿದಳು, ಕೂಸು ಉಳಿಯಲಿಲ್ಲ. ಎರಡು ಸಲ ಕೊಡಗಳನ್ನು ಸೈಕಲ್ಲಿಗೇ ಕಟ್ಟಿ ಹೊರಟು, ನೀರು ಚೆಲ್ಲಿ ಹೊಳ್ಳಿ ಬಂದೆ. ಈಗ ಅವಳಿಗೆ ಮತ್ತೆ ಏಳು ತಿಂಗಳು. ಹರಕೆ ಇನ್ನೂ ಬಾಕಿ. ಕುಂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

ಹತ್ತು ದಿನಕ್ಕೆ ಭರತ ಹುಣ್ಣಿಮೆ. ಮರುದಿನ ನಮ್ಮ ಹನ್ನೊಂದು ಮಂದಿ ಹೊರಡಬೇಕು, ಶಿವರಾತ್ರಿಗೆ ಮುಟ್ಟಬೇಕು. ಬೆನ್ಬಂಡಿ ದುರಸ್ತಿ ಮಾಡಿದ ಕಮ್ಮಾರ ಕಾಳಮ್ಮನೇ ತಂಡದ ಹಿರಿಯಳು. ತುಂಬಿದ ಬಂಡಿ ಗುಡ್ಡದ ಇಳಿಜಾರು ಇಳಿದು ತೋರಿಸದಿದ್ದರೆ ಅದನ್ನೂ ಒಯ್ಯುವುದಿಲ್ಲ, ನನ್ನನ್ನೂ ಒಯ್ಯುವುದಿಲ್ಲ ಎಂದಳು.

ನಿಮ್ಮ ಬಂಡಿಯ ತಳದಲ್ಲಿ, ಅಚ್ಚಿಗಿಂತ ನಾಲ್ಕು ಬೆರಳು ಮುಂದೆ, ಒಂದು ಕೆಂಪು ಗೆರೆಯಿದೆ. ನನಗದು ಹೊಸ್ತಿಲಿನಂತೆ ಕಂಡಿತು: ದೇವರು ಆಚೆ, ನಾನು ಈಚೆ. ಮೊನ್ನೆ ಕೊಡಗಳನ್ನು ತೀರಾ ಹಿಂದಿನ ಅಂಚಿಗಿಟ್ಟು, ಹಿಟ್ಟಿನ ಗಂಟನ್ನು ಮುಂದಿಟ್ಟು ಇಳಿದೆ. ಅರ್ಧ ಇಳಿಜಾರಿಗೆ ಬಂಡಿ ಬಾಲ ಬೀಸತೊಡಗಿತು. ಕೊಂಡಿ ಸೈಕಲ್ಲಿನ ಹಿಂಗಾಲಿಯನ್ನೇ ಎತ್ತಿತು. ನಾನು ಜಾಲಿಕಂಟಿಯಲ್ಲಿ, ಕೊಡಗಳು ಹಳ್ಳದಲ್ಲಿ. ಮಲ್ಲಯ್ಯನಿಗೆ ನನ್ನ ನೀರು ಬೇಡವೆಂದು ಅತ್ತೆ.

ಕಾಳಮ್ಮ ಮುಳ್ಳು ಕೀಳುತ್ತ, ಭಾರವೆಲ್ಲ ಹಿಂದಿದ್ದರೆ ಬಂಡಿ ಸುಮ್ಮನಿರುತ್ತದೆಯೇ, ಗೆರೆಯ ಮೇಲಿಡು ಎಂದಳು.

“ನನ್ನ ಕುಂಡಿಗೆ ಹತ್ತಿಸಿ ದೇವರ ನೀರು ಇಡಲೇನು?” ಎಂದೆ.

“ಶಾವಂತ್ರಿನ್ನ ಬೆನ್ನಿಗೆ ಕಟಗೊಂಡು ಕಳೆ ತಗೀಲಿಲ್ಲೇನ ನೀ? ಅಕಿ ಏನ ಮೈಲಿಗಿ ಆದಳೇನು? ಹತ್ತರ ಇಟಗೋ. ದೂರ ಇಟ್ಟದ್ದಕ್ಕ ಬಿತ್ತು.”

ಇವತ್ತು ಮುಂಜಾನೆ ಕೊಡಗಳನ್ನು ಗೆರೆಯ ಮೇಲಿಟ್ಟೆ. ಕಾಳಮ್ಮ ಕೊಡಗಳ ಬಾಯಿಗೆ ಕಟ್ಟಿದ ಬಟ್ಟೆಗೆ ಸುತ್ತ ಒಣ ವಿಭೂತಿ ಬಳಿದಳು. ನೀರು ತುಳುಕಿದರೆ ಅದು ಕಪ್ಪಾಗುತ್ತದೆ. ಇಳಿಜಾರು ಮುಗಿಯುವತನಕ ಹಿಂದೆ ತಿರುಗಲಿಲ್ಲ. ಬೆನ್ನ ಹಿಂದೆ ತಂಪೊಂದು ಕೂತಂತಿತ್ತು. ಕೆಳಗೆ ಕಾಳಮ್ಮ ಬೆರಳಿನಿಂದ ಬಟ್ಟೆ ಮುಟ್ಟಿ ನೋಡಿ, ಆ ವಿಭೂತಿಯನ್ನೇ ನನ್ನ ಹಣೆಗೆ ಹಚ್ಚಿದಳು. ಅದು ಒಣದಾಗಿಯೇ ಇತ್ತು.

ಆದರೂ ತಳಮಳ ನಿಂತಿಲ್ಲ. ಹದಿಮೂರು ದಿನದ ಹಾದಿ, ಎಷ್ಟೋ ಇಳಿಜಾರು. ಒಂದು ಮಾತು ಕೇಳುತ್ತೇನೆ, ಬೇಸರಿಸಬೇಡಿ. ಗೆರೆ ಎಳೆದಿರಿ, ಏಕೆಂದು ಪಕ್ಕದಲ್ಲಿ ಎರಡು ಅಕ್ಷರ ಬರೆಯಬಾರದಿತ್ತೇ? ಇನ್ನು ಮೇಲಾದರೂ ಏನು ಮಾಡಿದರೂ ಏಕೆಂಬುದನ್ನು ಬರೆದಿಡಿ; ನಾವು ಕೈಮುಗಿಯುವ ಮಂದಿ, ಗೆರೆ ಕಂಡರೆ ದೂರ ಸರಿಯುತ್ತೇವೆ. ನಿಮ್ಮ ಗೆರೆಯ ಪಕ್ಕದಲ್ಲಿ ಮೊಳೆಯಿಂದ ನಾನೇ ಕೆತ್ತಿದ್ದೇನೆ: “ಭಾರ ಇಲ್ಲಿ. ದೇವರದಾದರೂ ಇಲ್ಲಿಯೇ.” ಶಾವಂತ್ರಿಗೆ ಹುಟ್ಟುವ ಕೂಸು ಓದಲಿ.