ಉಗ್ರಾಣದ ಹಿಂದಿನ ಸಾಲು

ಅಕ್ಕಾ,

ಕೂಲಿ ಏರಿಸುತ್ತೇವೆ ಅಂದರು, ಏರಿಸಲಿಲ್ಲ. ವಾರಕ್ಕೊಂದು ರಜೆ ಅಂದರು, ಕೊಡಲಿಲ್ಲ. ಹೊಲಿಗೆ ಕಾರ್ಖಾನೆಯಲ್ಲಿ ಮತ್ತೆ ಮುಷ್ಕರ. ಇವತ್ತಿಗೆ ಎರಡು ವಾರ.

ಇಂಥ ದಿನಕ್ಕೆಂದೇ ನಲವತ್ತು ಮನೆಗಾಗುವಷ್ಟು ಅಕ್ಕಿ, ಬೇಳೆ ಸಂಘದ ಉಗ್ರಾಣದಲ್ಲಿ ಕೂಡಿಟ್ಟವಳು ನೀನು. ಹಳೆಯದು ಮುಂದಿರಬೇಕು, ಹೊಸದು ಹಿಂದೆ ಎಂದು ಕಲಿಸಿದವಳೂ ನೀನೇ. ನೀನು ತೀರಿಕೊಂಡ ಮೇಲೆ ಬೀಗದ ಕೈ ನನಗೆ ಬಂತು. ಜನರ ಬಾಯಲ್ಲಿ ಮಾತ್ರ ನಿನ್ನದೇ ಹೆಸರು. ಮೈಯೆಲ್ಲ ಉರಿಯುತ್ತಿತ್ತು. ನಾನು ತಂದ ಮೂಟೆ ಎಲ್ಲರ ಕಣ್ಣಿಗೆ ಬೀಳಲೆಂದು ಅವನ್ನು ಮುಂದೆ ಜೋಡಿಸಿ, ನಿನ್ನವನ್ನು ಗೋಡೆಗೆ ತಳ್ಳಿದೆ.

ಮುಂದಿನ ಸಾಲು ಮುಗಿದು ಇವತ್ತು ಹಿಂದಿನ ಮೂಟೆ ಬಿಚ್ಚಿದೆವು. ಬೇಳೆಯ ತುಂಬ ಹುಳ.

"ನಿಮ್ಮಕ್ಕ ಇದ್ದಿದ್ರೆ ಹೀಗಾಗ್ತಿತ್ತಾ?" ಅಂದಳು ಗುಂಡಿ ಹಚ್ಚುವ ಚಿಕ್ಕಮ್ಮ.

"ಅವಳು ತಂದಿದ್ದೇ ಹುಳುಕು ಬೇಳೆ, ನಾನೇನ್ ಮಾಡ್ಲಿ?" ಅಂದುಬಿಟ್ಟೆ.

ಚಿಕ್ಕಮ್ಮ ನನ್ನ ಮುಖವನ್ನೇ ನೋಡಿ, ಮೊರ ತಗೊಂಡು ಬೇಳೆ ಕೇರಲು ಕೂತಳು. ಎಲ್ಲರೂ ಕೂತರು. ನಾನೂ ಕೂತೆ. ಅರ್ಧ ಕೂಡ ಉಳಿಯಲಿಲ್ಲ.

ನಿನ್ನ ಮೇಲಿನ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ, ಸುಳ್ಳು ಹೇಳಲಾರೆ. ಆದರೆ ಮೂಟೆಗಳ ಸಾಲು ಬದಲಿಸಿದವಳು ಯಾರೆಂದು ಸಂಘದ ಮುಂದೆ ನಾನೇ ನಿಂತು ಹೇಳುತ್ತೇನೆ. ಸಭೆ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.